ಕಾಲ್ಗುಣದ ಕಾರಿಗೆ ಐದನೆಯ ಟೈರು

ಆ ಟೈರು ಸಿಡಿದದ್ದು ಹುಡುಗಿಯ ಕಾಲ್ಗುಣದಿಂದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಈ ಕಥೆಯನ್ನು ನನಗಿಂತ ಮೊದಲು ಬೇರೆಯವರು ಹೇಳಿ ಮುಗಿಸಿದ್ದಾರೆ. ಅವರ ಕಥೆಯಲ್ಲಿ ಹೊಸ ಸೊಸೆ ಕಾರು ಹತ್ತಿದಳು, ಗಾಲಿ ಸಿಡಿಯಿತು, ಅಷ್ಟೇ. ನನ್ನ ಕಥೆಯಲ್ಲಿ ರಬ್ಬರು, ಗಾಳಿ, ತೂಕ ಮತ್ತು ಒಂದಿಷ್ಟು ಕುಸುಬಿ ಎಣ್ಣೆಯೂ ಇವೆ.

ನಾನು ಬೆಟಗೇರಿಯವಳು. ಮದುವೆಗಳಿಗೆ ಕಾರು ಬಾಡಿಗೆಗೆ ಬಿಡುತ್ತೇನೆ. ಕಾರೂ ನನ್ನದೇ, ಓಡಿಸುವವಳೂ ನಾನೇ. ಜರ್ಮನಿ ಕಡೆಯ ಉದ್ದನೆಯ ಕರಿ ಸೆಡಾನ್ ಅದು. ಹೊಸದಿದ್ದಾಗ ಹುಬ್ಬಳ್ಳಿಯ ಸಾಹುಕಾರರೊಬ್ಬರ ಮನೆಯಲ್ಲಿತ್ತು, ಅವರಿಗೆ ಬೇಸರವಾದ ಮೇಲೆ ನನ್ನ ಕೈಗೆ ಬಂತು. ಬಾಗಿಲು ಹಾಕಿದರೆ ಧಪ್ ಎಂದು ಅದು ಮಾಡುವ ಗಂಭೀರ ಸದ್ದಿಗೇ ನಾನು ಮನಸೋತಿದ್ದು. "ಇಂಥಾ ಗಾಡಿ ನಿನಗ್ಯಾಕವಾ?" ಎಂದು ಕೇಳದವರು ಓಣಿಯಲ್ಲಿ ಯಾರೂ ಉಳಿದಿಲ್ಲ. "ನಿಮಗ್ಯಾಕ ಬ್ಯಾಡ?" ಎಂದು ನಾನು ತಿರುಗಿ ಕೇಳುತ್ತೇನೆ.

ನಮ್ಮ ಕಡೆ ಮದುವೆ ಕಾರಿಗೆ ಹೂವಿನ ಹಾರ ಎಷ್ಟು ಮುಖ್ಯವೋ ಟೈರಿನ ಮಿಂಚೂ ಅಷ್ಟೇ ಮುಖ್ಯ. ಕಾರು ತೊಳೆದ ಮೇಲೆ ಕಡೆಯದಾಗಿ ಬಟ್ಟೆಗೆ ಕುಸುಬಿ ಎಣ್ಣೆ ಹಾಕಿ ನಾಲ್ಕೂ ಟೈರು ಒರೆಸುತ್ತೇವೆ. ಬೂದು ಬಣ್ಣಕ್ಕೆ ತಿರುಗಿದ ಟೈರು ಆಗತಾನೇ ಮೈ ತೊಳೆದ ಎಮ್ಮೆಯ ಹಾಗೆ ಮಿರುಗುತ್ತದೆ. ಸಣ್ಣ ಬಿರುಕುಗಳೆಲ್ಲ ಎಣ್ಣೆಯಲ್ಲಿ ಮುಚ್ಚಿಹೋಗುತ್ತವೆ. ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಎಣ್ಣೆ ರಬ್ಬರನ್ನು ತಿನ್ನುತ್ತದೆ ಎಂದು ಯಾರ ತಲೆಗೂ ಹೋಗಿರಲಿಲ್ಲ.

ಬೇಸಿಗೆಯ ಮದುವೆ. ಹೆಣ್ಣಿನವರು ಡಂಬಳದ ಒಕ್ಕಲುತನದ ಮನೆಯವರು, ಗಂಡಿನವರು ಲಕ್ಷ್ಮೇಶ್ವರದಲ್ಲಿ ಮೆಣಸಿನಕಾಯಿ ವ್ಯಾಪಾರದ ಅಡತಿ ಅಂಗಡಿ ಇಟ್ಟವರು. ಅಕ್ಷತೆ, ಊಟ ಎಲ್ಲ ಮುಗಿದ ಮೇಲೆ ಮದುಮಕ್ಕಳನ್ನು ಲಕ್ಷ್ಮೇಶ್ವರಕ್ಕೆ ಮುಟ್ಟಿಸುವುದು ನನ್ನ ಕೆಲಸ. ಅವರ ಜೊತೆಗೆ ಗಂಡಿನ ಕಡೆಯವರೂ ಒತ್ತಿಕೊಂಡು ಕೂತರು. ಡಿಕ್ಕಿಯಲ್ಲಿ ತವರಿನವರು ಕೊಟ್ಟ ಹಿತ್ತಾಳೆ ಭಾಂಡೆ, ರೊಟ್ಟಿ ಬುತ್ತಿ, ಉಂಡಿಯ ಡಬ್ಬಿ. ಮುಚ್ಚಳ ಹಾಕಲು ಇಬ್ಬರು ಮೇಲೆ ಕೂರಬೇಕಾಯಿತು. ಮುಂಡರಗಿ ದಾಟಿ ಶಿರಹಟ್ಟಿ ಹಾದಿ ಹಿಡಿದಾಗ ಡಾಂಬರು ಮೆತ್ತಗಾಗುವಷ್ಟು ಬಿಸಿಲು. ಬಲಗಡೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿದ್ದವು. ಶಿರಹಟ್ಟಿ ಇನ್ನೂ ಸ್ವಲ್ಪ ದೂರವಿರುವಾಗ ಹಿಂದಿನ ಎಡ ಗಾಲಿಯಿಂದ ಥಪ ಥಪ ಎಂಬ ಸದ್ದು ಶುರುವಾಯಿತು. ನಾನು ವೇಗ ಇಳಿಸುವಷ್ಟರಲ್ಲಿ ಟೈರು ಸಿಡಿಯಿತು.

ಈ ಜಾತಿಯ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಟೈರಿನ ಪಕ್ಕದ ಗೋಡೆಯನ್ನೇ ದಪ್ಪ ಮಾಡಿರುತ್ತಾರೆ. ಗಾಳಿ ಹೋದರೂ ಆ ಗೋಡೆಯ ಮೇಲೆ ನಿಂತು ನಿಧಾನವಾಗಿ ಒಂದಿಷ್ಟು ದೂರ ಓಡುತ್ತದೆ. ರನ್‌ಫ್ಲ್ಯಾಟ್ ಎನ್ನುತ್ತಾರೆ. ಹೊಸದಿದ್ದಾಗ ಒಳ್ಳೆಯ ಏರ್ಪಾಡೇ. ತೊಂದರೆ ಎಂದರೆ ಗಾಳಿ ಹೋದದ್ದು ಕಣ್ಣಿಗೆ ಕಾಣುವುದಿಲ್ಲ, ಎಚ್ಚರಿಕೆ ದೀಪವೊಂದೇ ಹೇಳಬೇಕು. ನನ್ನ ಕಾರಿನ ದೀಪ ನಾನು ಕೊಳ್ಳುವ ಮೊದಲೇ ಕೆಟ್ಟಿತ್ತು. ಹಳೆಯ ಗೋಡೆ, ಹೇರಿದ ಭಾರ, ಕಾದ ಡಾಂಬರು. ಹೀಗೆ ಸಿಡಿಯಿತು ಟೈರು, ಇದರಲ್ಲಿ ಯಾರ ಕಾಲೂ ಇಲ್ಲ.

ಮದುಮಗಳು ಬಾಸಿಂಗ ಕಟ್ಟಿಕೊಂಡೇ ರಸ್ತೆಯ ಬದಿಯ ಜಾಲಿಯ ನೆರಳಿಗೆ ನಿಂತಳು. ಕೊನೆಗೆ ಸಂತೆಗೆ ಹೋಗಿ ಬರುತ್ತಿದ್ದ ಟಂಟಂ ರಿಕ್ಷಾ ಒಂದನ್ನು ನಿಲ್ಲಿಸಿ, ಈರುಳ್ಳಿ ಚೀಲಗಳ ನಡುವೆ ಮದುಮಕ್ಕಳನ್ನು ಕೂರಿಸಿ ಕಳಿಸಿದೆವು. ಮನೆ ತುಂಬಿಸಿಕೊಳ್ಳಲು ನೋಡಿಟ್ಟಿದ್ದ ಹೊತ್ತು ಮೀರಿಹೋಯಿತು. ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟುಕೊಂಡು ಕಾದು ಕಾದು ಸಾಕಾಗಿದ್ದ ಅತ್ತೆ, ನೆರೆದ ನೆಂಟರೆದುರೇ, "ಹೊಸ್ತಿಲಾ ದಾಟೂಕಿಂತ ಮೊದಲ ಇಷ್ಟ, ಇನ್ನ ಮುಂದ ಹೆಂಗೋ! ಏನ್ ಕಾಲಗುಣಾನೋ ಇಕೀದು!" ಎಂದರಂತೆ. ಆ ಒಂದು ಮಾತು ನನ್ನ ಕಾರಿಗಿಂತ ಜೋರಾಗಿ ಓಡಿತು.

ನನಗೂ ಅದರ ಬಿಸಿ ತಟ್ಟಿತು. ಕಾರನ್ನು ಲಾರಿಯ ಮೇಲೆ ಹೇರಿಸಿ ಬೆಟಗೇರಿಗೆ ತಂದ ವಾರದಲ್ಲೇ, ಮೊದಲೇ ಮಾತಾಡಿಕೊಂಡಿದ್ದ ಮದುವೆಯವರು ಒಬ್ಬೊಬ್ಬರಾಗಿ ಹಿಂದೆ ಸರಿದರು. "ಆ ಗಾಡಿ ಬ್ಯಾಡ್ರಿ, ಮನ್ಯಾಗ ಹಿರ್ಯಾರು ಒಲ್ಲೆ ಅಂತಾರ" ಎಂಬುದೇ ಎಲ್ಲರ ಮಾತು. ಹೆಣ್ಣುಮಗಳು ಓಡಿಸಿದರೆ ಇನ್ನೇನಾಗುತ್ತದೆ ಎಂದು ಹಿಂದಿನಿಂದ ಆಡಿದವರೂ ಇದ್ದರು. ಅವರು ಮುಂದೆ ಬಂದು ಆಡಿದ್ದರೆ ಉತ್ತರ ಕೊಡುತ್ತಿದ್ದೆ. ಆಷಾಢ ಬಂತು, ಹೇಗೂ ಮದುವೆಗಳಿಲ್ಲ. ಕಾರು ಶೆಡ್ಡಿನಲ್ಲಿ ಇಟ್ಟಿಗೆಯ ಮೇಲೆ ನಿಂತಿತು, ನಾನು ಟೈರು ಹುಡುಕಲು ಹೊರಟೆ.

ಗದಗಿನಲ್ಲಿ ನಾನು ಯಾವಾಗಲೂ ಹೋಗುವ ಟೈರಿನಂಗಡಿಯ ಹಿರಿಯರನ್ನು ಕಾಕಾ ಎಂದೇ ಕರೆಯುವುದು. ಸಿಡಿದ ಟೈರನ್ನು ಅವರ ಮುಂದೆ ಉರುಳಿಸಿದೆ.

"ಗುಂಡಿ ಇನ್ನೂ ಚಲೋ ಅದಾವಲ್ಲ ತಂಗಿ," ಎಂದರು ಅವರು, ಮೇಲಿನ ಅಚ್ಚಿನ ಆಳಕ್ಕೆ ಉಗುರು ತೂರಿಸಿ. "ಇಂಥಾ ಟೈರ್ ಹೆಂಗ ಸಿಡೀತು?"

ನಮ್ಮಲ್ಲಿ ಎಲ್ಲರೂ ಟೈರು ನೋಡುವುದು ಹೀಗೇ. ಕಾರಿನಿಂದ ಬಿಚ್ಚಿದ್ದನ್ನು ಎತ್ತಿನ ಬಂಡಿಗೆ ಹಾಕಿ, ನೂಲು ಕಾಣುವವರೆಗೆ ಓಡಿಸಿದ ಜನ ನಾವು. ಅಚ್ಚು ಇದ್ದರೆ ಟೈರು ಇದೆ ಎಂದೇ ಲೆಕ್ಕ. ನಾನು ಬಟ್ಟೆಯಿಂದ ಎಣ್ಣೆ ಜಿಡ್ಡು ತಿಕ್ಕಿ ತೆಗೆದು ಪಕ್ಕದ ಗೋಡೆ ನೋಡಿದೆ. ಒಣಗಿದ ಎರಿಹೊಲದ ಹಾಗೆ ಬಿರುಕು. ಅಲ್ಲೇ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕಂಕಿ ಇರುತ್ತವೆ. ಮೊದಲೆರಡು ಟೈರು ಹುಟ್ಟಿದ ವಾರ, ಕೊನೆಯೆರಡು ವರ್ಷ. ಓದಿ ತಲೆಯ ಮೇಲೆ ಕೈ ಇಟ್ಟುಕೊಂಡೆ. ಸಾಹುಕಾರರ ಶೆಡ್ಡಿನಲ್ಲಿ ಓಡದೆ ನಿಂತೇ ಮುದಿಯಾಗಿತ್ತು ಅದು. ಆ ಟೈರು ಕಾರ್ಖಾನೆಯಿಂದ ಹೊರಬಿದ್ದಾಗ ನಮ್ಮ ಮದುಮಗಳು ಇನ್ನೂ ಹೈಸ್ಕೂಲಿನ ಮೆಟ್ಟಿಲೂ ಹತ್ತಿರಲಿಲ್ಲ. ಉಳಿದ ಮೂರೂ ಅದರ ಓರಗೆಯವೇ.

ಅಂದರೆ ನಾಲ್ಕೂ ಹೊಸದು ಬೇಕು. ಇಲ್ಲಿಂದ ಜಗಳ ಶುರು.

ಕಾಕಾ ಮೊದಲು ತೋರಿಸಿದ್ದು ಬಾಡಿಗೆ ಕಾರುಗಳಿಗೆ ಹಾಕುವ ಟೈರು. ರಿಮ್ಮಿಗೆ ಕೂರುತ್ತದೆ, ಸುತ್ತಳತೆಯೂ ಹತ್ತಿರ ಹತ್ತಿರ. ನಾನು ಚಾಲಕನ ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯ ಫೋಟೋ ತಂದಿದ್ದೆ. ಅಗಲ 225, ಎತ್ತರ 50, ರಿಮ್ಮು 17 ಅಂಗುಲ, ಅದಾದ ಮೇಲೆ 94 ಎಂಬ ಅಂಕಿ. ಈ ಕೊನೆಯ ಅಂಕಿಯನ್ನು ಯಾರೂ ಓದುವುದಿಲ್ಲ. ಒಂದು ಟೈರು ಎಷ್ಟು ಭಾರ ಹೊರಬಲ್ಲದು ಎನ್ನುವುದು ಅದು. ಕಾಕಾ ತೋರಿಸಿದ್ದರ ಮೇಲೆ 91 ಇತ್ತು.

"ಮೂರು ನಂಬರಿನಾಗ ಏನ್ ಫರಕ ಬೀಳತೈತಿ?"

"ಒಂದೊಂದು ಗಾಲಿಗೆ ಅರ್ಧ ಚೀಲ ಜ್ವಾಳದಷ್ಟು ಬೀಳತೈತಿ, ಕಾಕಾ. ಮದಿವಿ ಮಂದಿ ಹೆಂಗ ಹತ್ತತಾರ ನೀವೂ ನೋಡೀರಿ."

"ಎಲ್ಲಾರೂ ಇದನ್ನ ಹಾಕಸ್ತಾರ."

"ಎಲ್ಲಾರ ಗಾಡ್ಯಾಗ ಮದುಮಗಳು ಕುಂಡ್ರಂಗಿಲ್ಲಲ್ಲ."

ಎರಡನೆಯ ದಾರಿ ಹುಬ್ಬಳ್ಳಿಯ ದಲಾಲಿಯೊಬ್ಬನದು. ಹೊರದೇಶದಿಂದ ಬಂದ ಬಳಸಿದ ಟೈರುಗಳು, ನೋಡಲು ಥಳಥಳ. ಹೋಗಿ ಒಂದೊಂದರ ನಾಲ್ಕಂಕಿ ಓದಿದೆ. ನನ್ನದಕ್ಕಿಂತ ಒಂದೆರಡು ವರ್ಷ ಚಿಕ್ಕವು, ಅಷ್ಟೇ. ಅವನು, "ಮೇಡಂ, ಡೇಟ್ ನೋಡಿ ತಗೊಳ್ಳೂದು ಹಾಲಿನ ಪಾಕೀಟು," ಎಂದು ನಕ್ಕ. ನಾನು ನಗದೆ ಬಸ್ಸು ಹತ್ತಿದೆ.

ಉಳಿದದ್ದು ಇದ್ದ ಜಾತಿಯದ್ದೇ ಹೊಸ ರನ್‌ಫ್ಲ್ಯಾಟ್. ಬೇಡಿಕೆ ಹಾಕಿ ತರಿಸಬೇಕು, ಬೆಲೆ ಕೇಳಿದರೆ ಬಾಯಿ ಒಣಗುತ್ತದೆ. ಕಲ್ಲಿನಂತೆ ಬಿರುಸು, ರಸ್ತೆಯ ಒಂದು ಗುಂಡಿಗೆ ಬಿದ್ದರೆ ಗೋಡೆ ಉಬ್ಬುತ್ತದೆ. ಗಾಳಿಯಿಲ್ಲದೆ ಒಮ್ಮೆ ಓಡಿದರೆ ಮತ್ತೆ ರಿಪೇರಿಯಿಲ್ಲ, ಎಸೆಯಬೇಕು. ಆದರೂ ಕಾರು ಕಟ್ಟಿದವರು ಹೇಳಿದ್ದು ಅದೇ ಅಲ್ಲವೇ ಎಂದು ಮನಸ್ಸು ಅತ್ತಲೇ ವಾಲಿತ್ತು. ಹೂಂ ಅನ್ನುವುದೊಂದೇ ಬಾಕಿ.

ಪಂಚಮಿ ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಆ ಮದುಮಗಳದು.

"ಅಕ್ಕಾರ, ನಿಮ್ಮ ಟೈರ್ ಯಾಕ ಸಿಡೀತು?"

"ಹಳೇದಾಗಿತ್ತವಾ."

"ಖರೆ ಹೇಳ್ರಿ. ನಾ ಹತ್ತಿದ್ದಕ್ಕ ಅಲ್ಲಲ್ಲ?"

ನನಗೆ ಸಿಟ್ಟು ನೆತ್ತಿಗೇರಿತು. "ನೀ ಏನ್ ಆನಿ ಅದೀಯೇನ? ನಿನಗಿಂತ ನಿಮ್ಮವ್ವ ಕೊಟ್ಟ ಕೊಡಪಾನ ವಜ್ಜಿ ಇತ್ತು!"

ಆ ಕಡೆಯಿಂದ ನಗು ಕೇಳಿಸಿತು, ಆಮೇಲೆ ಬಿಕ್ಕು. ಸಮಾಧಾನವಾದ ಮೇಲೆ ಹೇಳಿದಳು. ಬೋರಿನ ಮೋಟರು ಸುಟ್ಟರೆ ಇವಳ ಕಾಲ್ಗುಣ, ಅಂಗಡಿಯಲ್ಲಿ ಮೆಣಸಿನಕಾಯಿ ದರ ಬಿದ್ದರೆ ಇವಳ ಕಾಲ್ಗುಣ, ಹಾಲು ಒಡೆದರೂ ಅದೇ. ಪಂಚಮಿಗೆಂದು ಡಂಬಳಕ್ಕೆ ಕಳಿಸಿದವರು ಹಬ್ಬ ಮುಗಿದರೂ ಕರೆಯುತ್ತಿಲ್ಲ. ಗಂಡ ಫೋನು ಮಾಡುತ್ತಾನೆ, ಆದರೆ ಅವ್ವನ ಸಿಟ್ಟು ಇಳಿಯಲಿ, ಆಮೇಲೆ ಬರುತ್ತೇನೆ ಎನ್ನುತ್ತಾನೆ.

"ಅದು ಸಿಟ್ಟಲ್ಲ ಅಕ್ಕಾರ, ಅಂಜಿಕಿ. ಅಂಜಿಕಿ ತಾನ ಇಳಿಯೂದಿಲ್ಲ. ನನಗ ಗಂಡನೂ ಬೇಕು, ಆ ಮನೀನೂ ಬೇಕು. ಕರೀಲಿ ಅಂತ ಕುಂತ್ರ ಈ ಹೆಸರು ಹಣಿಮ್ಯಾಲ ಹಂಗ ಉಳೀತೈತಿ. ನಿಮ್ಮ ಗಾಡಿ ತಯಾರಾದ ಕೂಡ್ಲೆ ಹೇಳ್ರಿ. ಅದ ಗಾಡ್ಯಾಗ ಅದ ಹಾದೀಲೆ ಹೊಕ್ಕೀನಿ."

ಫೋನಿಟ್ಟ ಮೇಲೆ ಶೆಡ್ಡಿಗೆ ಹೋಗಿ ಕಾರಿನ ಡಿಕ್ಕಿ ತೆರೆದು ನೋಡುತ್ತಾ ನಿಂತೆ. ಇಷ್ಟು ದಿನ ನಾನು ಹುಡುಕುತ್ತಿದ್ದದ್ದು ಎಂದೂ ಕೈಕೊಡದ ಟೈರನ್ನು. ಅಂಥ ಟೈರು ಯಾವ ದೇಶದಲ್ಲೂ ಇಲ್ಲ. ಮುಂಡರಗಿ ಹಾದಿಯಲ್ಲಿ ಗಾಲಿ ಕೆಡುತ್ತದೆ. ಕೆಟ್ಟ ಮೇಲೆ ಆ ಹುಡುಗಿ ಮತ್ತೆ ಈರುಳ್ಳಿ ಚೀಲದ ಮೇಲೆ ಕೂತು ಹೋಗಬೇಕೋ, ಇದೇ ಕಾರಿನಲ್ಲಿ ಮುಂದೆ ಹೋಗಬೇಕೋ, ತೀರ್ಮಾನ ಆಗಬೇಕಾದದ್ದು ಅದು. ರನ್‌ಫ್ಲ್ಯಾಟ್ ಬೇಡ ಎಂದುಕೊಂಡೆ. ಅದೇ ಅಳತೆಯ, 94 ಎಂದು ಬರೆದಿರುವ ಸಾದಾ ಟ್ಯೂಬ್‌ಲೆಸ್ ಟೈರು, ನಾಲ್ಕಲ್ಲ, ಐದು.

ಕಾಕಾ ಕೇಳಿ ಕನ್ನಡಕ ತೆಗೆದರು. "ಕಂಪನಿಯವರ ಸ್ಟೆಪ್ನಿ ಬ್ಯಾಡ ಅಂದಾರ, ನೀ ಯಾಕ ಹೊತ್ಕೊಂಡು ತಿರಗತಿ? ಡಿಕ್ಕಿಯೊಳಗ ಅದಕ್ಕ ಜಾಗಾನ ಇಲ್ಲ. ಭಾಂಡೆ ಎಲ್ಲೆ ಇಡತಾರ ಮಂದಿ?"

"ಭಾಂಡೆ ಟಂಟಂನ್ಯಾಗ ಬರಲಿ, ಕಾಕಾ. ಹೆಣ್ಣು ಕಾರಿನ್ಯಾಗ ಬರಲಿ. ಕಂಪನಿಯವರೇನು ಶಿರಹಟ್ಟಿ ರಸ್ತಾ ನೋಡ್ಯಾರ?"

ಟೈರು ಬಂದವು. ಐದರಲ್ಲಿ ಒಂದರ ನಾಲ್ಕಂಕಿ ಬೇರೆ. ಗೋದಾಮಿನಲ್ಲಿ ಬಹಳ ಕಾಲ ಕೂತದ್ದು. "ಹೊಸಾದ ಐತಿ ಬಿಡ ತಂಗಿ, ರಸ್ತಾ ಕಂಡಿಲ್ಲ," ಎಂದರು. ಆ ಹಳೆಯದೂ ರಸ್ತೆ ಕಾಣದೆಯೇ ಮುದಿಯಾದದ್ದು ಎಂದು ನೆನಪಿಸಿ ವಾಪಸು ಕಳಿಸಿದೆ. ಕಾಕಾ ಮುಖ ಗಂಟಿಕ್ಕಿದರೂ ಬೇರೆ ತರಿಸಿದರು.

ಐದನೆಯ ಟೈರಿಗೆ ರಿಮ್ಮು ಬೇಕಲ್ಲ. ಹುಬ್ಬಳ್ಳಿಯ ಗುಜರಿಯಿಂದ ಐದು ತೂತಿನದೊಂದು ಹೊತ್ತು ತಂದೆ. ತೂತಿನ ಅಂತರ ಸರಿ, ನಡುವಿನ ದೊಡ್ಡ ತೂತು ಮಾತ್ರ ಕೂದಲೆಳೆಯಷ್ಟು ಸಣ್ಣದು; ಕಾರಿನ ಕಡೆಯ ಗುಬ್ಬಿಗೆ, ಹಬ್ ಅನ್ನುತ್ತಾರಲ್ಲ, ಅದಕ್ಕೆ ಕೂರಲಿಲ್ಲ. ಉಜ್ಜಿ ಹಿಗ್ಗಿಸಿದರಾಯಿತು ಎಂದವರಿದ್ದರು. ಗಾಲಿಯ ಭಾರ ನಿಲ್ಲುವ ಜಾಗ ಅದು, ಉಜ್ಜಲು ಬಿಡಲಿಲ್ಲ. ಮತ್ತೆ ಹುಬ್ಬಳ್ಳಿ, ಮತ್ತೆ ಗುಜರಿ. ಈ ಸಲ ಅಳತೆಯ ಕಡ್ಡಿ ಜೊತೆಗೆ ಒಯ್ದೆ, ಒಪ್ಪುವುದು ಸಿಕ್ಕಿತು.

ಅಷ್ಟಾದ ಮೇಲೆ ನಿಜವಾದ ಕಾಟ ಬಂತು. ಸಿಡಿದ ಗಾಲಿಯದನ್ನು ಯಾರೋ ಮೊದಲೇ ತೆಗೆದಿದ್ದರು, ಉಳಿದ ಮೂರು ಗಾಲಿಗಳಿಗೂ ಕಳ್ಳರು ಬಿಚ್ಚದಿರಲೆಂದು ಒಂದೊಂದು ಬೀಗದ ಬೋಲ್ಟು ಇತ್ತು. ಅದಕ್ಕೆಂದೇ ಮಾಡಿದ ಪಾನಾ ಇಲ್ಲದಿದ್ದರೆ ಬಿಚ್ಚುವುದಿಲ್ಲ. ಆ ಪಾನಾ ಸಾಹುಕಾರರ ಮನೆಯಲ್ಲೇ ಎಲ್ಲೋ ಕಳೆದಿತ್ತು. ಅಂದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಇದ್ದರೂ ರಸ್ತೆಯಲ್ಲಿ ನಾನು ಗಾಲಿಯನ್ನು ನೋಡುತ್ತಾ ಕೂರಬೇಕಿತ್ತು! ಬೋಲ್ಟಿನ ತಲೆಗಿಂತ ಚೂರು ಸಣ್ಣ ಪಾನಾ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿ, ಉದ್ದನೆಯ ಪೈಪು ಸಿಕ್ಕಿಸಿ ನಾನೂ, ಶೆಡ್ಡಿಗೆ ಬಂದಿದ್ದ ಕಾಕಾನೂ ಜೋತುಬಿದ್ದು ಒಂದೊಂದಾಗಿ ಕಿತ್ತೆವು. ಕೊನೆಯದು ಕಿತ್ತು ಬಂದಾಗ ಇಬ್ಬರೂ ನೆಲಕ್ಕೆ ಬಿದ್ದೆವು. ಆ ಜಾಗಕ್ಕೆಲ್ಲ ಸಾದಾ ಬೋಲ್ಟು ಹಾಕಿದೆ. ತೂಕ ಸರಿದೂಗಿಸಿ, ಗಾಲಿಗಳ ಜೋಡಣೆ ನೋಡಿಸಿ, ಸ್ವಲ್ಪ ಓಡಿಸಿ ಬಂದು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದೆ. ಹೊರಡುವ ಬೆಳಿಗ್ಗೆ, ಬಿಸಿಲೇರುವ ಮೊದಲು, ಟೈರು ತಣ್ಣಗಿರುವಾಗ ಗಾಳಿ ಅಳೆದೆ. ಎಣ್ಣೆ ಬಟ್ಟೆ ಮುಟ್ಟಲಿಲ್ಲ. ಟೈರು ಮಂಕಾಗಿಯೇ ಇದ್ದವು, ಇರಲಿ ಬಿಡು ಎಂದೆ.

ಡಂಬಳದಲ್ಲಿ ಹುಡುಗಿಯ ತಂದೆ ಧೋತರ ಉಟ್ಟು, ಟೊಪ್ಪಿಗೆ ಹಾಕಿ ಸಿದ್ಧವಾಗಿ ಕೂತಿದ್ದರು. ಮಧ್ಯಾಹ್ನಕ್ಕೆ ಬರುತ್ತೇನೆಂದು ಲಕ್ಷ್ಮೇಶ್ವರಕ್ಕೆ ಮಗಳೇ ಫೋನು ಮಾಡಿ ಹೇಳಿದ್ದಳು, ಅಪ್ಪ ಜೊತೆಗೆ ಬರುವುದು ಬೇಡವೆಂದಳು. ಕಾರಿನಲ್ಲಿ ಕೂತ ಮೇಲೆ ನನಗೆ ಕಾರಣ ಹೇಳಿದಳು. "ಅಪ್ಪ ಬಂದ್ರ ಬಾಗಲದಾಗ ನಿಂತು ಕೈ ಮುಗೀತಾನ್ರಿ. ಏನ್ ತಪ್ಪ ಮಾಡೇನಿ ಅಂತ ಅಂವ ಕೈ ಮುಗೀಬೇಕು?"

ನಾನು ಕಾರು ಹೊರಡಿಸಿದೆ. ಅವಳನ್ನು ಹಿಂದೆ ಕೂರಿಸಿದ್ದೆ, ಮುಂಡರಗಿಯಲ್ಲಿ ಚಹಾ ಕುಡಿದ ಮೇಲೆ ತಾನಾಗಿ ಮುಂದೆ ಬಂದು ಕೂತಳು. ಗುಡ್ಡದ ಮೇಲೆ ಈ ಸಲ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಹೊಲಗಳಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದರು. ಕಾರು ಮೊದಲಿಗಿಂತ ಮೆತ್ತಗೆ ಓಡುತ್ತಿತ್ತು. ಜಾಲಿಯ ಗಿಡ ದಾಟುವಾಗ ಇಬ್ಬರೂ ಅದನ್ನೇ ನೋಡಿದೆವು. ದಾಟಿತು. ಉಸಿರು ಬಿಟ್ಟೆವು.

ಶಿರಹಟ್ಟಿ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಕಾರು ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದರೆ ಮುಂದಿನ ಎಡ ಟೈರು ಅರ್ಧ ಕೂತಿದೆ. ಎತ್ತಿನ ಲಾಳದ ಮೊಳೆ, ಟೈರಿನ ಅಂಚಿಗೇ ಹೊಕ್ಕಿತ್ತು; ಅಲ್ಲಿ ಪಂಚರ್ ಹಾಕಿದರೂ ನಿಲ್ಲುವುದಿಲ್ಲ. ಇಷ್ಟೆಲ್ಲ ಮಾಡಿದ್ದು ಇದಕ್ಕೇ ಎಂದು ಗೊತ್ತಿದ್ದೂ ಹುಡುಗಿಯ ಮುಖ ನೋಡಲು ಧೈರ್ಯವಾಗಲಿಲ್ಲ.

ಅವಳು ಮೊಳೆಯನ್ನು ಬಗ್ಗಿ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಪಾನಾ ಎಲ್ಲೆ ಐತ್ರಿ?" ಎಂದಳು.

ಹಿಂದಿನ ಗಾಲಿಗೆ ಕಲ್ಲು ಕೊಟ್ಟೆವು. ಜಾಕ್ ಏರಿಸುವ ಮೊದಲು ಬೋಲ್ಟು ಸಡಿಲಿಸಬೇಕು. ಅವಳು ಪಾನಾದ ಹಿಡಿಕೆಯ ಮೇಲೆ ಹತ್ತಿ ನಿಂತು ಸಡಿಲಿಸಿದಳು. ಈ ಕಾರುಗಳ ಗಾಲಿ ಹಾಕುವುದು ಸುಲಭವಲ್ಲ. ಗಾಲಿಯನ್ನು ತೂಗುಹಾಕಲು ಕಡ್ಡಿಗಳಿಲ್ಲ. ಅದನ್ನು ಎತ್ತಿ ಹಿಡಿದು ತೂತಿಗೆ ತೂತು ಕೂಡಿಸಿ ಬೋಲ್ಟು ತೂರಿಸಬೇಕು. ಒಬ್ಬಳೇ ಒದ್ದಾಡುತ್ತಿದ್ದೆ. ಅವಳು ಚಪ್ಪಲಿ ಬಿಟ್ಟು, ಗಾಲಿಯ ಅಡಿಗೆ ಪಾದ ತೂರಿಸಿ ಮೆಲ್ಲಗೆ ಮೇಲಕ್ಕೆತ್ತಿದಳು. ತೂತು ಕೂಡಿತು, ಬೋಲ್ಟು ಹೊಕ್ಕಿತು.

"ಅತ್ತಿ ಇದನ್ನ ನೋಡಬೇಕಿತ್ತು ಅಕ್ಕಾರ," ಎಂದಳು. ಇಬ್ಬರೂ ರಸ್ತೆಯ ಬದಿ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಲಕ್ಷ್ಮೇಶ್ವರದ ಅಗಸೆಬಾಗಿಲ ಹತ್ತಿರ ಬಂದಾಗ ನಾನೇ ಹೇಳಿದೆ, ಪಂಚರಾದ ಮಾತು ತೆಗೆಯಬೇಡ, ಹೊರಡೋದು ತಡವಾಯಿತು ಎಂದರಾಯಿತು ಎಂದು. ಅಷ್ಟು ಜಗಳ ಮಾಡಿದ ನಾನು ಅಲ್ಲಿ ಅಂಜಿದೆ. ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು, ಹೂಂ ಅನ್ನಲಿಲ್ಲ.

ಮನೆಯೆದುರು ಕಾರು ನಿಂತಾಗ ಅಕ್ಕಪಕ್ಕದ ಕಟ್ಟೆಗಳ ಮೇಲೆ ಜನ ಇದ್ದರು. ಕಾರನ್ನು ಎಲ್ಲರೂ ಗುರುತಿಸಿದರು. ಗಂಡ ಅಂಗಡಿಯಿಂದ ಆಗಲೇ ಬಂದಿದ್ದ. ಒಳಗಿನಿಂದ ಓಡಿ ಬಂದವನು ತಾಯಿಯನ್ನು ಕಂಡು ಮೆಟ್ಟಿಲಲ್ಲೇ ನಿಂತ. ಅತ್ತೆ ಹೊಸ್ತಿಲ ಒಳಗೆ ನಿಂತಿದ್ದರು. ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

"ಮಧ್ಯಾಹ್ನಕ್ಕ ಬರ್ತೀನಿ ಅಂದಿದ್ದೆಲ್ಲ. ಯಾಕ ತಡಾ ಆತು?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು, ಕಟ್ಟೆಯ ಮೇಲಿದ್ದವರಿಗೂ ಕೇಳುವ ಹಾಗೆ. "ಪಂಚರ್ ಆಗಿತ್ರಿ ಅತ್ತಿ. ಲಾಳದ ಮೊಳಿ ಹೊಕ್ಕಿತ್ತು. ಹ್ವಾದ ಸಲ ಟೈರ್ ಹಳೇದಾಗಿ ಸಿಡದಿತ್ತು. ಈ ಸಲ ಗಾಲಿ ಬದ್ಲಿ ಮಾಡ್ಕೊಂಡು ಬಂದ್ವಿ." ಮೊಣಕೈವರೆಗೆ ಕಪ್ಪಾದ ಎರಡೂ ಕೈ ಮುಂದೆ ಚಾಚಿದಳು. "ಕೈ ತೊಳಕೋಬೇಕ್ರಿ."

ಅತ್ತೆಯ ಕಣ್ಣು ಮೊದಲು ಸೊಸೆಯ ಕಾಲಿಗೆ ಹೋಯಿತು, ಆಮೇಲೆ ಕೈಗೆ ಬಂತು, ಅಲ್ಲೇ ನಿಂತಿತು.

"ಗಾಲಿ ನೀ ಬಿಚ್ಚಿದೇನ?"

"ಹೂಂ ರಿ. ಅಕ್ಕಾರು ನಾನು ಇಬ್ರೂ."

ಅತ್ತೆ ಮಗನ ಕಡೆ ತಿರುಗಿ, "ಕಂಬದಂಗ ಯಾಕ ನಿಂತೀಯೋ, ಆಕಿ ಚೀಲಾ ತಗೋ," ಎಂದು ಗದರಿದರು. ಸೊಸೆಗೆ, "ಆ ಕರಿ ಸಾಬಾಣಕ್ಕ ಹೋಗೂದಿಲ್ಲ. ಕುಸುಬಿ ಎಣ್ಣಿ ಹಚ್ಚಿ ತಿಕ್ಕಬೇಕು. ತಡಿ, ಬಾಟ್ಲಿ ಎಲ್ಲೆ ಇಟ್ಟೇನೋ," ಎನ್ನುತ್ತಾ ಒಳಗೆ ನಡೆದರು.

ಹುಡುಗಿ ಅವರ ಹಿಂದೆಯೇ ಹೊಸ್ತಿಲು ದಾಟಿದಳು. ಯಾವ ಕಾಲು ಮೊದಲಿಟ್ಟಳೋ ನಾನು ನೋಡಲಿಲ್ಲ. ಅತ್ತೆಯೂ ನೋಡಲಿಲ್ಲ, ಅವರು ಎಣ್ಣೆಯ ಬಾಟಲಿ ಹುಡುಕುತ್ತಿದ್ದರು.